ಎಡ ಹೆಗಲಿನ ಕೆಳಗೆ

ತಣ್ಣಗಿದೆ ಡಾಕ್ಟರ ಬೆರಳು, ಎಡ ಹೆಗಲಿನ ಕೆಳಗೆ ಒತ್ತಿ ಇಲ್ಲೇ ನೋಡಿ ಅನ್ನುತ್ತಾರೆ, ಹೆಗಲಿಂದ ಎರಡೂವರೆ ಇಂಚು, ಟೇಪು ಬೇಡ ನನಗೆ, ಮೂವತ್ತು ವರ್ಷ ಕಂಡವರ ಹೆಗಲು ಅಳೆದವಳು — ಚರ್ಮದ ಕೆಳಗೊಂದು ಜೇಬು ಮಾಡಿ, ಡಬ್ಬಿ ಇಟ್ಟು ಹೊಲಿಗೆ ಹಾಕ್ತೀವಮ್ಮ, ಬಡಿತ ದಿಕ್ಕು ತಪ್ಪಿದರೆ ಅದೇ ಶಾಕ್ ಕೊಟ್ಟು ಸರಿಮಾಡತ್ತೆ, ಇಲ್ಲದಿದ್ರೆ ಯಾವತ್ತು ಏನು ಅಂತ ಹೇಳಕ್ಕಾಗಲ್ಲ, ನಿಮ್ಮ ಹೃದಯ ಕೆಲಸ ಮಾಡ್ತಿರೋದೇ ಇಪ್ಪತ್ತೈದು ಪರ್ಸೆಂಟು. ಜೇಬಂತೆ. ಎಷ್ಟು ಸಾವಿರ ಜೇಬು ಹೊಲಿದೆನೋ, ಒಂದೂ ನನ್ನದಲ್ಲ, ಇಗೋ ಈಗ ನನಗೂ ಒಂದು. ಹಾಕಿಬಿಡಿ ಡಾಕ್ಟ್ರೇ, ಅವಳಿಗೇನು ಗೊತ್ತಾಗತ್ತೆ ಅಂದುಬಿಟ್ಟರು ಇವರು, ಫ್ಯಾನ್ ಹಾಕಿಸುವ ಹಾಗೆ, ಇಪ್ಪತ್ತಾರು ವರ್ಷದಲ್ಲಿ ನನಗೋಸ್ಕರ ಇಷ್ಟು ಬೇಗ ಹೂಂ ಅಂದದ್ದು ಇದೇ ಮೊದಲು, ಆದರೆ ಸಹಿ ಮಾತ್ರ ನಂದೇ ಬೇಕಂತೆ, ಪಾಪ, ಅದೊಂದು ಇವರ ಕೈಯಲ್ಲಿಲ್ಲ.

ಡಾಕ್ಟರು ಎದ್ದುಹೋದರು, ಸಿಸ್ಟರ್ ಪಟ್ಟಿ ಓದುತ್ತಿದ್ದಾಳೆ, ಒಂದು ತಿಂಗಳು ಎಡಗೈ ಮೇಲೆತ್ತಬಾರದು, ಮ್ಯಾಗ್ನೆಟ್ ಅಂತೂ ಹತ್ತಿರಕ್ಕೇ ಬೇಡ — ಗೊತ್ತು ಸಿಸ್ಟರ್, ನಮ್ಮಕ್ಕನಿಗೂ ಹಾಕಿದ್ರು ಅಂದೆ. ಹೊಲಿಯುವಾಗ ಹಳೇ ಸ್ಪೀಕರಿನ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ನನ್ನ ಕೊರಳಲ್ಲಿ ಹಾಕಿಕೊಂಡಿರುತ್ತೇನೆ, ಬಗ್ಗಿದರೆ ಸಾಕು ನೆಲದ ಗುಂಡುಸೂಜಿಗಳು ತಾವೇ ಬಂದು ಅಂಟುತ್ತವೆ, ಕರೆದ್ರೆ ಬರೋದು ಈ ಮನೇಲಿ ಸೂಜಿಗಳು ಮಾತ್ರ ಕಣೇ ಅಂತ ಅಕ್ಕ ನಗುತ್ತಿದ್ದಳು. ಲಿವರ್ ಕ್ಯಾನ್ಸರು ಅಕ್ಕನನ್ನು ಅರೆದುಹಾಕಿದ ಆ ಕೊನೆಯ ತಿಂಗಳು ಅವಳ ಮಂಚ ನನ್ನ ಹೊಲಿಗೆ ಮಿಷನ್ನಿನ ಪಕ್ಕ, ಮಂಚದ ಹತ್ತಿರ ಹೋಗುವಾಗೆಲ್ಲ ದಾರ ಬಿಚ್ಚಿ ಅಡುಗೆಮನೆಯ ಗೂಡಿನಲ್ಲಿಟ್ಟು ಬರುತ್ತಿದ್ದೆ, ಎಷ್ಟು ಜೋಪಾನ, ಒಂದು ದಿನವೂ ಮರೆಯಲಿಲ್ಲ. ಆ ಮಧ್ಯಾಹ್ನ ಅಕ್ಕನ ಡಬ್ಬಿ ಶಾಕ್ ಕೊಡಲು ಶುರುಮಾಡಿತು. ಮೈ ಮೇಲಕ್ಕೆ ಹಾರಿ ಬಿತ್ತು, ಹಿಮ್ಮಡಿ ಮಂಚದ ಕಬ್ಬಿಣಕ್ಕೆ ಟಣ್ ಅಂತ ಬಡಿಯಿತು, ಏನಾಯ್ತೇ ಅಂದಳು, ಮತ್ತೆ, ಮತ್ತೆ, ಒಂಬತ್ತು ಸಲ, ಸಾಯೋಕೂ ಬಿಡಲ್ವೇನೇ ಇದು, ತೆಗೀರೇ, ಯಾರಾದ್ರೂ ತೆಗೀರೇ — ನಾನು ಕಾಲು ಹಿಡಿದುಕೊಂಡೆ, ಬಿರುಕುಬಿಟ್ಟ ಹಿಮ್ಮಡಿ ನನ್ನ ಕೈಯಿಂದಲೂ ಕಿತ್ತುಕೊಂಡು ಹೋಗಿ ಬಡಿಯಿತು, ಬಾಗಿಲಲ್ಲಿ ನಿಂತು ಇವರು, ಯಂತ್ರ ಅದರ ಕೆಲಸ ಮಾಡ್ತಿದೆ ಬಿಡು.

ಅಕ್ಕನಿಗೆ ಕೊನೇಲಿ ಒಂಬತ್ತು ಸಲ ಹೊಡೀತು ಸಿಸ್ಟರ್ ಅಂದೆ. ಅಯ್ಯೋ, ಆಫ್ ಮಾಡಿಸಬೇಕಿತ್ತಲ್ಲಮ್ಮ, ಕೊನೆಗಾಲದಲ್ಲಿ ಕೇಳಿದ್ರೆ ನಾವೇ ಮಾಡ್ತೀವಿ, ಅಷ್ಟು ಹೊತ್ತಿಲ್ಲದಿದ್ರೆ ಒಂದು ಮ್ಯಾಗ್ನೆಟ್ ಅದರ ಮೇಲೆ ಇಟ್ಟರೂ ಶಾಕ್ ನಿಲ್ಲತ್ತೆ, ಅದಕ್ಕೇ ತಾನೆ ಬೇರೆ ಹೊತ್ತಲ್ಲಿ ದೂರ ಇಡಿ ಅನ್ನೋದು — ಸಿಸ್ಟರ್ ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ಮಂಚದಿಂದ ಅಡುಗೆಮನೆಯ ಗೂಡಿಗೆ ಹನ್ನೊಂದು ಹೆಜ್ಜೆ. ಎಲ್ಲ ಅಳೆಯುವವಳು ಅದನ್ನೂ ಅಳೆದಿದ್ದೇನೆ. ದೂರ ಇಡಿ ಅಂದವರು ಯಾವಾಗ ಹತ್ತಿರ ತರಬೇಕು ಅನ್ನೋದನ್ನು ಯಾಕೆ ಹೇಳಲಿಲ್ಲ, ಕೇಳಲು ನನಗ್ಯಾಕೆ ಬಾಯಿ ಬರಲಿಲ್ಲ. ಈಗ ಕೇಳುತ್ತೇನೆ, ಹಾಕಿಸ್ಕೋತೀನಿ ಸಿಸ್ಟರ್, ಆದ್ರೆ ನಂಗೆ ಪ್ರಜ್ಞೆ ಇಲ್ಲದ ದಿನ ಸಾಕು ನಿಲ್ಸಿ ಅಂತ ಹೇಳೋರು ಯಾರು? ಮನೆಯವರು ಹೇಳ್ತಾರಲ್ಲಮ್ಮ. ಹಾಕೋ ಮೊದಲೇ ನಿಲ್ಸೋ ಮಾತಾ, ಬಿಡ್ತು ಅನ್ನು ಅಂದರು ಇವರು, ಮೊಬೈಲಿನಿಂದ ತಲೆ ಎತ್ತಲಿಲ್ಲ — ಮನೆಯವರು, ರಾತ್ರಿಯಿಡೀ ಸೋರುವ ನಲ್ಲಿಯನ್ನು ಎದ್ದು ತಿರುಗಿಸದವರು. ಬದುಕುವ ಆಸೆ ಇಲ್ಲವೆಂದಲ್ಲ, ಇದೆ, ನಾಚಿಕೆಯಾಗುವಷ್ಟಿದೆ, ಇಪ್ಪತ್ತೈದು ಪರ್ಸೆಂಟಿನಲ್ಲೂ ನಾಳೆ ಯಾವ ಬಟ್ಟೆ ಕತ್ತರಿಸಲಿ ಅಂತಲೇ ಯೋಚನೆ, ಇಲ್ಲಿ ಸಹಿ ಮಾಡಿಯಮ್ಮ, ಈ ಗೆರೆ ಮೇಲೆ, ಮೊದಲ ಅಕ್ಷರ ಬಂತು, ಎರಡನೆಯದು, ಪೆನ್ನು ಕಾಗದಕ್ಕೆ ಒತ್ತಿಕೊಂಡು ಅಲ್ಲೇ ನಿಂತಿದೆ, ಏನೇ, ಬೇಗ ಮಾಡು, ಶಾಯಿ ಹರಡುತ್ತಿದೆ, ಅಕ್ಕನ ಹಿಮ್ಮಡಿ, ಕಬ್ಬಿಣ, ಮೇಲೆದ್ದ ಹಿಮ್ಮಡಿ, ಇನ್ನೂ ಕೆಳಗೆ ಬಂದಿಲ್ಲ