ಅತ್ತೆಯ ಹೆಸರಿನ ಅರ್ಧ ರಿಯಾಯಿತಿ

ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವವನಿಗೆ ಎದುರಿಗೆ ನಿಂತವರು ಎಷ್ಟು ಕೂಗಾಡಿದರೂ ಕೇಳಿಸದ ಕಿವಿ ಬೇಕು. ಎಂಥ ಬಿಲ್ಲು ಕೊಟ್ಟರೂ ಅದರಲ್ಲಿ ತನ್ನದೇನೂ ಪಾತ್ರವಿಲ್ಲ ಅನ್ನುವಂಥ ಮುಖವೂ ಬೇಕು. ನಮ್ಮ ಕೌಂಟರಪ್ಪನಿಗೆ ಎರಡೂ ದಂಡಿಯಾಗಿದ್ದವು. ಕೌಂಟರಪ್ಪ ಅನ್ನೋದು ನರ್ಸುಗಳು ಇಟ್ಟ ಹೆಸರು, ಅವನಿಗೂ ಒಗ್ಗಿಹೋಗಿತ್ತು. ಯಾರೆದುರೂ ಜಗ್ಗದ ಈ ಮನುಷ್ಯ ಅವತ್ತು ಬೆಳಗ್ಗೆಯಿಂದ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದ. ಕಾರಣ ಇಷ್ಟೇ, ಅವತ್ತು ಅವನ ಅತ್ತೆಗೆ ಡಿಸ್ಚಾರ್ಜ್.

ಅತ್ತೆಯ ಆರೋಗ್ಯದ ಚಿಂತೆ ಅಂದುಕೊಳ್ಳಬೇಡಿ. ಪಿತ್ತಕೋಶದಲ್ಲಿ ಕಲ್ಲಿದ್ದವು, ಆಪರೇಷನ್ ಸಲೀಸಾಗಿ ಆಗಿತ್ತು, ಆಕೆ ಎದ್ದು ಕೂತು ಆಸ್ಪತ್ರೆಯ ಊಟಕ್ಕೆ ಬೈಯುವಷ್ಟು ಗೆಲುವಾಗಿದ್ದರು. ಅವನಿಗೆ ಬೆವರಿಳಿಸಿದ್ದು ಕಂಪ್ಯೂಟರಿನಲ್ಲಿ ಅತ್ತೆಯ ಹೆಸರಿನ ಪಕ್ಕ ಇದ್ದ ಒಂದು ಸಾಲು. 'ನೌಕರನ ಆಶ್ರಿತೆ. ನೌಕರನ ಸ್ವಂತ ಮನೆಯಲ್ಲಿ ವಾಸ.'

ಅಯ್ಯೋ, ಎಂಥ ಸ್ವಂತ ಮನೆ. ಆ ಮನೆಯ ಒಂದೊಂದು ಇಟ್ಟಿಗೆಯೂ ಅತ್ತೆಯದು. ಗಂಡ ತೀರಿಹೋದ ಮೇಲೆ ಪಾತ್ರೆ ಅಂಗಡಿ ನಡೆಸಿ, ಗಿರಾಕಿಗಳ ಜೊತೆ ಗಂಟಲು ಹರಿದುಕೊಂಡು, ಒಂದು ಸೌಟಿಗೂ ರಿಯಾಯಿತಿ ಕೊಡದೆ ಕಟ್ಟಿಸಿದ ಮನೆ ಅದು. ಕೌಂಟರಪ್ಪ ಮದುವೆಯಾಗಿ ಒಂದು ಪೆಟ್ಟಿಗೆ ಹಿಡಿದುಕೊಂಡು ಅಲ್ಲಿಗೆ ಬಂದ ಮನೆ ಅಳಿಯ. ಅತ್ತೆ ಅವನನ್ನು ಯಾವತ್ತೂ ಏಕವಚನದಲ್ಲಿ ಕರೆದವರಲ್ಲ. "ಅಳಿಯಂದ್ರೇ, ಗೇಟ್ ಹಾಕಿದ್ರಾ?", "ಅಳಿಯಂದ್ರೇ, ಫ್ಯಾನ್ ಯಾರಿಗೋಸ್ಕರ ತಿರುಗ್ತಿದೆ?" ಅನ್ನುವರು. ಆ ಮರ್ಯಾದೆ ಕೇಳಿದಾಗೆಲ್ಲ ಅವನಿಗೆ ಬೈಸಿಕೊಂಡ ಹಾಗೇ ಆಗುತ್ತಿತ್ತು.

ಹಾಗಾದರೆ ಆ ಸುಳ್ಳು ಸಾಲು ಎಲ್ಲಿಂದ ಬಂತು? ಕೆಲಸಕ್ಕೆ ಸೇರಿದ ದಿನ ವಿವರ ಬರೆದುಕೊಳ್ಳುತ್ತಿದ್ದ ಗುಮಾಸ್ತ, "ಸ್ವಂತ ಮನೆನಾ?" ಅಂತ ಕೇಳಿದ್ದ. ಇವನು ಉತ್ತರಕ್ಕೆ ತಡಬಡಾಯಿಸುತ್ತಿದ್ದ ಹಾಗೇ ಪಕ್ಕದ ಮೇಜಿನವನು, "ಮನೆ ಅಳಿಯ ಇರಬೇಕು ಬಿಡಿ," ಅಂತ ಕಿಸಕ್ಕನೆ ನಕ್ಕುಬಿಟ್ಟ. ಇವನಿಗೆ ಎಲ್ಲಿತ್ತೋ ರೋಷ. "ಸ್ವಂತ ಮನೆ. ವಯಸ್ಸಾದ ಅತ್ತೆ ಜೊತೇಲಿದ್ದಾರೆ, ಪಾಪ, ನಾನೇ ನೋಡ್ಕೊತಿದೀನಿ," ಅಂದ. ಗುಮಾಸ್ತ ಹಾಗೇ ಬರೆದ. ಅವತ್ತಿನಿಂದ ಇಡೀ ಆಸ್ಪತ್ರೆಗೆ ಇವನು ಅತ್ತೆಯನ್ನು ಸಾಕುವ ಪುಣ್ಯಾತ್ಮ. ಆಯಮ್ಮಂದಿರು ತಮ್ಮ ಅಳಿಯಂದಿರನ್ನು ಬೈಯುವಾಗ ಇವನನ್ನೇ ತೋರಿಸುತ್ತಿದ್ದರು.

ನೌಕರರ ಆಶ್ರಿತರಿಗೆ ಬಿಲ್ಲಿನಲ್ಲಿ ಅರ್ಧ ರಿಯಾಯಿತಿ ಉಂಟು. ಆದರೆ ಕೆಲವು ಘನಂದಾರಿಗಳು ಬೀದಿಯವರನ್ನೆಲ್ಲ ತಮ್ಮ ಆಶ್ರಿತರು ಅಂತ ಸೇರಿಸಿ ಆಪರೇಷನ್ ಮಾಡಿಸಿದ್ದರಿಂದ, ಆಡಳಿತದವರು ಒಂದು ಪದ್ಧತಿ ತಂದಿದ್ದರು. ಕೊನೇ ಬಿಲ್ಲಿಗೆ ಮೊಹರು ಬೀಳುವ ಮುಂಚೆ ಮ್ಯಾನೇಜರ್ ಮೇಡಂ ರೋಗಿಯನ್ನೇ ಎದುರಿಗೆ ಕೂರಿಸಿಕೊಂಡು, "ನೀವು ಇವರ ಮನೇಲಿ, ಇವರ ಆಸರೇಲಿ ಇರೋರಾ?" ಅಂತ ಕೇಳಬೇಕು. ರೋಗಿ ಹೌದು ಅನ್ನಬೇಕು. ಈ ಪ್ರಶ್ನೆಯನ್ನು ಅತ್ತೆಗೆ ಕೇಳಿದರೆ ಏನಾಗುತ್ತೆ ಅನ್ನೋದು ಕೌಂಟರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆಸ್ಪತ್ರೆಯಲ್ಲಿ ಮಾನ ಹೋಗುತ್ತೆ, ಮನೆಯಲ್ಲಿ ಜಾಗ ಹೋಗುತ್ತೆ. ಹೆಂಡತಿಯಾದರೂ ತನ್ನ ಜೊತೆ ಬರುತ್ತಾಳಾ, ಅದೂ ಅನುಮಾನ.

ಅದಕ್ಕೆ ಅವನೊಂದು ಉಪಾಯ ಹೂಡಿದ. ರಿಯಾಯಿತಿಯನ್ನೇ ತೆಗೆದುಹಾಕಿದರೆ ಯಾರೂ ಏನೂ ಕೇಳೋ ಹಾಗಿಲ್ಲ. ಜನ ಊಟಕ್ಕೆ ಎದ್ದ ಹೊತ್ತು ನೋಡಿ ಕಂಪ್ಯೂಟರಿನಲ್ಲಿ ಅತ್ತೆಯನ್ನು ಸಾಮಾನ್ಯ ರೋಗಿ ಮಾಡಿದ. ಪೂರ್ತಿ ಬಿಲ್ಲನ್ನು ತಾನೇ ಕಟ್ಟೋದು ಅಂತ ಉಳಿತಾಯದ ಖಾತೆಯನ್ನೆಲ್ಲ ಬಳಿದು ತಂದಿದ್ದ. ಬಿಲ್ಲನ್ನು ಮುದ್ರಿಸಿ ಲಕೋಟೆಗೆ ಹಾಕಿ, ಅಂಟು ಹಚ್ಚಿ, ವಾರ್ಡಿಗೆ ಹೋಗಿ, "ಎಲ್ಲಾ ಆಯ್ತು ಅತ್ತೆ, ಹೊರಡೋಣ," ಅಂದ.

"ಬಿಲ್ಲು ಎಲ್ಲಿ?" ಅಂದರು ಅತ್ತೆ.

"ಅದನ್ನ ನಾನು ನೋಡ್ಕೊತೀನಿ ಅತ್ತೆ."

"ಹೊಟ್ಟೆ ಕುಯ್ಸಿಕೊಂಡಿದ್ದು ನಾನು. ಇಲ್ಲಿ ಕೊಡಿ."

ಲಕೋಟೆ ಹರಿಯಿತು. ಆಕೆ ಕನ್ನಡಕ ಏರಿಸಿಕೊಂಡು, ಪಾತ್ರೆಯ ತಳ ಬಡಿದು ನೋಡುವವರ ಹಾಗೆ ಒಂದೊಂದು ಸಾಲಿನ ಮೇಲೂ ಬೆರಳಾಡಿಸಿದರು. ಈ ಆಸ್ಪತ್ರೆಯಲ್ಲಿ ಬಳಸಿದ ಪ್ರತಿ ಸಾಮಾನಿಗೂ ಒಂದು ಸ್ಟಿಕ್ಕರ್ ಇರುತ್ತೆ. ನರ್ಸು ಅದನ್ನು ಕಿತ್ತು ರೋಗಿಯ ಹಾಳೆಗೆ ಅಂಟಿಸುತ್ತಾಳೆ, ಕೌಂಟರಿನವರು ಅದನ್ನು ಬಿಲ್ಲಿಗೆ ಏರಿಸುತ್ತಾರೆ. ಗಡಿಬಿಡಿಯಲ್ಲಿ ಪಕ್ಕದವರ ಸ್ಟಿಕ್ಕರು ಇವರ ಹಾಳೆಗೆ ಬೀಳೋದೂ ಉಂಟು.

"ಅಳಿಯಂದ್ರೇ, ಈ ಮಗುವಿನ ಟೋಪಿ ಯಾರಿಗೆ ಹಾಕಿದ್ರು?"

ಕೌಂಟರಪ್ಪ ಬಿಲ್ಲಿಗೆ ಕೈ ಚಾಚಿದ, ಆಕೆ ಕೊಡಲಿಲ್ಲ.

"ನನಗೆ ಹೆರಿಗೆ ಆಗಿದ್ರೆ ಹೇಳ್ಬಿಡಿ, ಮಗಳಿಗೂ ಗೊತ್ತಾಗ್ಲಿ. ಮತ್ತೆ ಕಲ್ಲು ತೆಗೆದಿದ್ದಕ್ಕೆ ಇಷ್ಟೊಂದು ಹಾಕಿದ್ದಾರಲ್ಲ, ಆ ಕಲ್ಲು ಎಲ್ಲಿ? ದುಡ್ಡು ಕೊಟ್ಟ ಮೇಲೆ ಮಾಲು ನಮ್ದಲ್ವಾ?"

"ಅತ್ತೆ, ಹೋಗ್ಲಿ ಬಿಡಿ, ನಾನೇ ಕಟ್ತೀನಿ," ಅಂತ ಅವನು ಗೋಗರೆದ.

ಅದೇ ತಪ್ಪಾಗಿದ್ದು. ಹೋಗ್ಲಿ ಬಿಡಿ ಅನ್ನೋ ಮಾತು ಕೇಳಿದರೆ ಆಕೆಗೆ ಎಲ್ಲಿಲ್ಲದ ಕಸುವು ಬರುತ್ತೆ. ಗಾಲಿಕುರ್ಚಿ ತರಿಸಿಕೊಂಡು, ಮಡಿಲಲ್ಲಿ ಬಿಲ್ಲಿಟ್ಟುಕೊಂಡು, "ನಡಿಯಮ್ಮ, ಇವರ ದೊಡ್ಡೋರ ಹತ್ರ," ಅಂತ ಆಯಮ್ಮನಿಗೆ ಹೇಳಿ ಹೊರಟೇಬಿಟ್ಟರು. ಕೌಂಟರಪ್ಪ ಕುರ್ಚಿಯ ಹಿಂದೆ ಹಿಂದೆ ಓಡಿದ.

ಕೌಂಟರಿನ ಮುಂದೆ ಸಾಲು ನಿಂತಿತ್ತು. ಮ್ಯಾನೇಜರ್ ಮೇಡಂ ಬಹಳ ಒಳ್ಳೆಯವರು, ಕೌಂಟರಪ್ಪನ ಗ್ರಹಚಾರಕ್ಕೆ ಅವತ್ತು ಇನ್ನೂ ಒಳ್ಳೆಯವರಾಗಿದ್ದರು. ಮಗುವಿನ ಟೋಪಿಯನ್ನು ತಕ್ಷಣ ತೆಗೆಸಿ, ಕ್ಷಮೆ ಕೇಳಿ, ಬಿಲ್ಲಿನ ತುದಿ ನೋಡಿ ಹುಬ್ಬೇರಿಸಿದರು.

"ಏನ್ರೀ ಇದು, ನಿಮ್ಮತ್ತೆಗೇ ರಿಯಾಯಿತಿ ಹಾಕೋಕೆ ಮರೆತಿದ್ದೀರಲ್ಲ? ಊರವರ ಬಿಲ್ಲು ಮಾಡೀ ಮಾಡೀ ಮನೆಯವರದ್ದೇ ಮರೆತುಹೋಯ್ತಾ?"

"ಪರವಾಗಿಲ್ಲ ಮೇಡಂ, ಹಾಗೇ ಇರ್ಲಿ," ಅಂದ ಕೌಂಟರಪ್ಪ. ದನಿ ಅವನದೇ ಅಂತ ಅವನಿಗೇ ಅನ್ನಿಸಲಿಲ್ಲ.

"ಯಾಕಿರ್ಬೇಕು? ನಿಯಮ ಇದೆ." ಮೇಡಂ ಕಂಪ್ಯೂಟರಿನಲ್ಲಿ ಹಳೇ ವಿವರ ತೆರೆದು ಅತ್ತೆಯ ಕಡೆ ಬಾಗಿದರು. "ಅಮ್ಮಾ, ಒಂದು ಮಾತು ಕೇಳ್ಬೇಕು, ತಪ್ಪು ತಿಳ್ಕೋಬೇಡಿ. ನೀವು ಅಳಿಯಂದ್ರ ಮನೇಲಿ, ಅವರ ಆಸರೇಲಿ ತಾನೇ ಇರೋದು? ಅವರು ಸೇರಿದಾಗ್ಲೇ ಬರೆಸಿದ್ದಾರೆ, ಸ್ವಂತ ಮನೆ, ಅತ್ತೆ ಆಶ್ರಿತೆ ಅಂತ."

ಸ್ಟಿಕ್ಕರ್ ಏರಿಸುತ್ತಿದ್ದ ಹುಡುಗಿ ಕೈ ನಿಲ್ಲಿಸಿ ಕಿವಿಗೊಟ್ಟಳು. ಕೌಂಟರಪ್ಪ ನೆಲ ನೋಡಿದ. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅತ್ತೆ ಮೆಲ್ಲಗೆ ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೌದಮ್ಮ," ಅಂದರು ಅತ್ತೆ. "ಇವರ ಮನೇಲೇ ಬಿದ್ಕೊಂಡಿದೀನಿ. ಹೊತ್ತು ಹೊತ್ತಿಗೆ ಊಟ ಹಾಕ್ತಾರೆ. ಕೈ ಎತ್ತಿದೋರಲ್ಲ."

"ನಿಮ್ಮ ಪುಣ್ಯ," ಅಂದರು ಮೇಡಂ, ಕಣ್ಣಲ್ಲಿ ನೀರು ಬರೋದೊಂದು ಬಾಕಿ.

"ಪುಣ್ಯ ಏನೋ ಸರಿ. ಇಂಥ ಅಳಿಯನ ಆಸರೇಲಿರೋರಿಗೆ ಬರೀ ಅರ್ಧಾನಾ ಬಿಡೋದು? ಇನ್ನೊಂಚೂರು ನೋಡಿ."

ಮೇಡಂ ನಕ್ಕು, ತಮ್ಮ ಕೈಯಲ್ಲಿದ್ದ ಅಷ್ಟಿಷ್ಟನ್ನು ಬಿಟ್ಟರು. ಅತ್ತೆ ಉಳಿದದ್ದನ್ನು ತಮ್ಮ ಚೀಲದಿಂದಲೇ ತೆಗೆದು ಕಟ್ಟಿದರು. ಕಲ್ಲುಗಳನ್ನು ಸಣ್ಣ ಡಬ್ಬಿಯಲ್ಲಿ ಹಾಕಿಸಿಕೊಳ್ಳೋದನ್ನೂ ಮರೆಯಲಿಲ್ಲ.

ಆಟೋದಲ್ಲಿ ಆಕೆ ಡಬ್ಬಿಯೊಳಗಿನ ಕಲ್ಲು ಎಣಿಸುತ್ತಾ ಕೂತರು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಹಳೇ ಪೆಟ್ಟಿಗೆ ಅಟ್ಟದ ಮೇಲಿದೆಯಾ, ತುಕ್ಕು ಹಿಡಿದಿದೆಯಾ, ಬಾಡಿಗೆಗೆ ಮನೆ ಎಲ್ಲಿ ಸಿಗುತ್ತೆ ಅಂತ ಅವನ ತಲೆ ಓಡುತ್ತಿತ್ತು.

ಮನೆ ತಲುಪಿ, ಮಗಳು ಕೊಟ್ಟ ನೀರು ಕುಡಿದು, ಮಗಳನ್ನು ಒಳಗೆ ಕಳಿಸಿ, ಅತ್ತೆ ದಿಂಬಿಗೆ ಒರಗಿದರು.

"ಕೂತ್ಕೊಳ್ಳಿ," ಅಂದರು. ಅವನು ಕುರ್ಚಿಯ ತುದಿಯಲ್ಲಿ ಕೂತ.

"ತಪ್ಪಾಯ್ತು ಅತ್ತೆ. ಅವತ್ತು ಗುಮಾಸ್ತ ಮನೆ ವಿಷಯ ಕೇಳ್ದಾಗ ಯಾರೋ ನಕ್ರು, ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಮನೆ ನಿಮ್ದು ಅಂತ ನಂಗೆ ಗೊತ್ತಿಲ್ವಾ? ಹೋಗು ಅಂದ್ರೆ ಹೋಗ್ತೀನಿ."

"ನೋಡಿದ್ಯಾ? ಇದಕ್ಕೇ ನನಗೆ ಮೈ ಉರಿಯೋದು," ಅಂದರು ಅತ್ತೆ. "ಬಂದು ಇಷ್ಟು ವರ್ಷ ಆಯ್ತು, ಗೋಡೆಗೊಂದು ಮೊಳೆ ಹೊಡೆಯೋಕೂ ನನ್ನ ಮುಖ ನೋಡ್ತೀಯ. ಈಗ್ಲೂ ನೋಡು, ಬಸ್ಸಿಗೆ ಕಾಯೋನ ಥರ ಕೂತಿದ್ದೀಯ. ನನಗೆ ಗಂಡು ಮಗ ಇಲ್ಲ, ಬಂದ ಅಳಿಯನಾದ್ರೂ ಮಗನ ಹಾಗೆ ಇರ್ತಾನೆ ಅಂದ್ಕೊಂಡ್ರೆ ಬಾಡಿಗೆಯವನ ಹಾಗೆ ಇದ್ದಾನಲ್ಲ ಅಂತ ಎಷ್ಟು ಸಂಕಟಪಟ್ಟಿದೀನಿ ಗೊತ್ತಾ? ಇವತ್ತು ಆ ಮೇಡಮ್ಮು ಓದಿದಾಗ ನನಗೆ ಸಿಟ್ಟು ಬಂತು. ಸುಳ್ಳು ಬರೆಸಿದ್ದಕ್ಕಲ್ಲ. ಇದು ನನ್ನ ಮನೆ ಅಂತ ಆ ಗುಮಾಸ್ತನಿಗೆ ಹೇಳಿದೋನು, ನನಗೊಂದು ಸಲ ಹೇಳ್ಲಿಲ್ವಲ್ಲ ಅಂತ."

ಕೂಗಾಟ ಕೇಳಿಸದ ಕೌಂಟರಪ್ಪನ ಕಿವಿಗೆ ಈ ಮಾತು ಚೆನ್ನಾಗಿ ಕೇಳಿಸಿತ್ತು.

"ಈಗ ಹೇಳು."

"ಅತ್ತೆ..."

"ಹೇಳು ಅಂದೆ."

"ಇದು ನನ್ನ ಮನೆ," ಅಂದ, ಬಾಯೊಳಗೇ.

"ಕೇಳಿಸ್ಲಿಲ್ಲ."

"ಇದು ನನ್ನ ಮನೆ."

ಅಡುಗೆಮನೆ ಬಾಗಿಲ ಹಿಂದೆ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

"ಸರಿ ಹಾಗಾದ್ರೆ," ಅಂತ ಅತ್ತೆ ಕಾಲು ಚಾಚಿ ಕಣ್ಣು ಮುಚ್ಚಿದರು. "ಮೇಲಿನ ನೀರಿನ ಟ್ಯಾಂಕು ಪಾಚಿ ಕಟ್ಟಿದೆ, ಹೋಗಿ ತೊಳಿ. ನೆಂಟರ ಕೈಲಿ ತೊಳೆಸೋಕಾಗುತ್ತಾ ಅಂತ ಇಷ್ಟು ವರ್ಷ ದುಡ್ಡು ಕೊಟ್ಟು ತೊಳೆಸ್ತಿದ್ದೆ."

ಕೌಂಟರಪ್ಪ ಪ್ಯಾಂಟು ಮಡಚಿ ಏಣಿ ಹತ್ತಿದ. ಮೇಲೆ ಯಾರೂ ಇಲ್ಲದ್ದು ನೋಡಿ ಕಣ್ಣೊರೆಸಿಕೊಂಡು, ಬ್ರಷ್ ಹಿಡಿದು ಟ್ಯಾಂಕಿನೊಳಗೆ ಇಳಿದ.