'ಮುಂದಕ್ಕೆ' ಎಂಬ ಗುಂಡಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಿಪ್ಪಾಣಿಯ ನಮ್ಮ ಓಣಿಗೆಲ್ಲ ಗೊತ್ತು. ಶೇಡಬಾಳದ ಪದ್ಮವ್ವನಿಗೆ ಮಾತ್ರ ಗೊತ್ತಿರಲಿಲ್ಲ. ಅವರೆಂದರೆ ನನಗೆ ಅಷ್ಟು ಅಕ್ಕರೆ.

ನಾವು ಕೆಲವರು ಸೇರಿ ಕನ್ನಡದ ಕಾಗುಣಿತ ತಿದ್ದುವ ತಂತ್ರಾಂಶ ಮಾಡುತ್ತಿದ್ದೆವು. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ಕೈಜೋಡಿಸಬಹುದು, ಸಂಬಳದ ಮಾತೇ ಇಲ್ಲ. ತಪ್ಪು ಕಂಡವರು ಜಾಲತಾಣದ ದೂರುಪಟ್ಟಿಯಲ್ಲಿ ಬರೆಯುತ್ತಿದ್ದರು. ಬರೆಯುವ ಅವಕಾಶ ಎಲ್ಲರಿಗೂ ಇತ್ತು. ಆದರೆ ದೂರಿನ ಕೆಳಗಿನ ಗುಂಡಿಗಳು ಪರವಾನಗಿ ಇದ್ದವರಿಗಷ್ಟೇ ಕಾಣುತ್ತಿದ್ದವು. ಆ ಪರವಾನಗಿ ಕೊಡುವ, ಕಿತ್ತುಕೊಳ್ಳುವ ದೊಡ್ಡಸ್ತಿಕೆ ನನ್ನದು.

ಜೈನರ ಮನೆತನದ ಪದ್ಮವ್ವ ಅಥಣಿಯ ಒಂದು ಅಚ್ಚುಕೂಟದಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿದವರು. ಒತ್ತಕ್ಷರ ತಪ್ಪಿದರೆ ಅನ್ನದಲ್ಲಿ ಕಲ್ಲು ಸಿಕ್ಕಂತೆ ಮುಖ ಹಿಂಡುತ್ತಿದ್ದರು. ಕಂಪ್ಯೂಟರ್ ಕಲಿತದ್ದು ಅರವತ್ತು ದಾಟಿದ ಮೇಲೆ. ಈ ಕೆಲಸ ಶುರು ಮಾಡಿದ ಚಿಕ್ಕೋಡಿಯ ದುಂಡೇಶ ಸರ್ ಹಿಂದೆಮುಂದೆ ನೋಡಿದಾಗ, "ಅವರಿಗೆ ಕೊಡೂಣ್ರಿ ಸರ್, ಜವಾಬ್ದಾರಿ ನಂದು" ಎಂದು ಒಪ್ಪಿಸಿದವಳು ನಾನೇ.

೨೦೧೪ರ ದಸರೆಗೆ ಹೊಸ ಆವೃತ್ತಿ ಬಿಟ್ಟೆವು. ಪದ್ಮವ್ವ ನೋಡಿದ್ದ ಅರವತ್ತಮೂರು ದೂರುಗಳಲ್ಲಿ ಒಂದರ ತಿದ್ದುಪಡಿಯೂ ಅದರಲ್ಲಿ ಬಂದಿರಲಿಲ್ಲ. ಕೆಲಸ ಮುಗಿದಾಗ 'ಮುಚ್ಚು' ಒತ್ತಬೇಕು. ಅವರು ಅಷ್ಟಕ್ಕೂ 'ಮುಂದಕ್ಕೆ' ಒತ್ತಿದ್ದರು, ಅಂದರೆ ಈಗ ಬೇಡ, ಇನ್ನೊಂದು ಸಲ ನೋಡೋಣ.

"ಏನವ್ವಾ, ಇದೇನು ನಿನ್ನ ಜವಾಬ್ದಾರಿ?" ಎಂದರು ಸರ್, ಫೋನಿನಲ್ಲಿ. ನನಗೆ ಮೈಯೆಲ್ಲ ಉರಿಯಿತು. ಪದ್ಮವ್ವನನ್ನು ಒಂದು ಮಾತೂ ಕೇಳದೆ ಅವರ ಪರವಾನಗಿ ತೆಗೆದುಹಾಕಿದೆ.

ಮರುದಿನ ಸಂಜೆ ಐದರ ಹೊತ್ತಿಗೆ ಅವರೇ ಫೋನ್ ಮಾಡಿದರು. ದನಿ ಇಳಿದಿತ್ತು.

"ಪೂನಮ, ನಿನ್ನಿಯಿಂದ ನನಗ ಗುಂಡಿ ಕಾಣವಲ್ವು. ಚಾಳೀಸ ಒರಸಿ ಒರಸಿ ನೋಡೀನಿ."

"ಅದಿರ್ಲಿರಿ. ಎಲ್ಲಾದಕ್ಕೂ ಮುಂದಕ್ಕೆ ಯಾಕ ಒತ್ತಿದ್ರಿ?"

"ತಿದ್ದೂದು ಮುಗೀತಲ್ಲ, ಬಾಗಲಾ ಮುಂದ ಮಾಡಿದೆ. ಇನ್ನೊಂದರ ಮ್ಯಾಲ ಮುಚ್ಚು ಅಂತ ಬರದೀರಿ. ಮುಚ್ಚೂದು ದಿವಾಳಿ ತಗದವರ ಅಂಗಡಿ. ಮಂದಿ ಕಷ್ಟಪಟ್ಟು ಬರದ ಕಳಿಸ್ಯಾರ, ಅದಕ್ಕ ಹಂಗ ಅನಬಾರದವಾ."

ನಮ್ಮ ಮನೆಯಲ್ಲೂ ಬಾಗಿಲನ್ನು ಮುಚ್ಚು ಎನ್ನುವುದಿಲ್ಲ, ಮುಂದ ಮಾಡು ಎನ್ನುತ್ತೇವೆ. ಹುಟ್ಟಿದಾಗಿನಿಂದ ಕೇಳಿದ್ದೇನೆ. ಆದರೂ ನಿಘಂಟು ಮುಂದಿಟ್ಟುಕೊಂಡು ಆ ಗುಂಡಿಗಳಿಗೆ ಹೆಸರಿಟ್ಟ ಜಾಣೆ ನಾನೇ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬಾರದು ಎನ್ನುತ್ತಾರಲ್ಲ, ನನ್ನ ಪಾಡು ಹಾಗಾಯಿತು.

"ಅವ್ವಾರ, ನಿಮ್ದೇನೂ ತಪ್ಪಿಲ್ಲ. ಹೆಸರಿಟ್ಟಾಕಿನೂ ನಾನ, ಗುಂಡಿ ತಗದಾಕಿನೂ ನಾನರಿ. ಸಿಟ್ಟಿನಾಗ ತಗದೆ."

ಬೈದರೆ ಬೈಯಲಿ ಎಂದು ಕಾದೆ.

"ನೀ ತಗದಿದ್ದೇನು?" ಎಂದರು, ಉಸಿರು ಬಿಟ್ಟು. "ಹಂಗಾರ ನನ್ನ ಕಣ್ಣು ಹೋಗಿಲ್ಲ. ಕಣ್ಣ ಹ್ವಾದ್ವು ಅಂತ ನಿನ್ನಿಯಿಂದ ತುತ್ತು ಇಳದಿಲ್ಲ ನೋಡು."

ನನಗೆ ಅಳು ಬಂದುಬಿಟ್ಟಿತು.

"ಮೊದಲ ಊಟ ಮಾಡ್ರಿ. ಸರ್‌ಗೆ ನಾ ಹೇಳತೀನಿ. ಗುಂಡಿ ಈಗ ಹಚ್ಚತೀನಿ, ಹೆಸರೂ ಬದಲಿ ಮಾಡತೀನಿ."

"ಹೆಸರು ನಾಳೆ ನೋಡೂಣು. ಗುಂಡಿ ಹಚ್ಚು, ಕಂಡವು ಅಂದ್ರ ಉಣ್ತೀನಿ," ಎಂದರು ಪದ್ಮವ್ವ. "ಲಗೂನ ಹಚ್ಚವಾ, ಹೊತ್ತು ಮುಳುಗಿದ ಮ್ಯಾಲ ನಾವು ಉಣ್ಣಂಗಿಲ್ಲ."