ಇಳಿಜಾರಿನ ಎದೆಬಡಿತ

"ಇನ್ನೂ ಇಳಿದಿಲ್ಲ," ಎನ್ನುತ್ತ ವೋಲ್ದು ಕೈಗಡಿಯಾರದ ಗಾಜನ್ನು ಅಂಗಿಯಂಚಿನಿಂದ ಒರೆಸಿ ಮತ್ತೆ ನೋಡಿದ. ಆಗಷ್ಟೇ ಸೈಕಲ್ಲಿನಲ್ಲಿ ಗುಡ್ಡ ಇಳಿದು ಬಂದ ರಿಗ್ಬೆಯ ಎದೆಗೆ ಕಟ್ಟಿದ ಪಟ್ಟಿ ಕಳಿಸುವ ಬಡಿತದ ಅಂಕಿ ಅಲ್ಲಿ ಮಿನುಗುತ್ತಿತ್ತು: ನೂರ ಅರವತ್ತೆಂಟು. ಏರು ಹತ್ತುವಾಗ ನೂರ ಎಂಬತ್ತು ಮುಟ್ಟಲಿ, ಮುಟ್ಟಲೇಬೇಕು. ಆದರೆ ಕಾಲು ಸಡಿಲಬಿಟ್ಟು ಇಳಿದು ಬರುವುದೇ ವಿಶ್ರಾಂತಿ. ಕೆಳಗೆ ತಲುಪುವಷ್ಟರಲ್ಲಿ ಎದೆ ನೂರಿಪ್ಪತ್ತಕ್ಕೆ ತಣಿಯಬೇಕು. ತಣಿಯದ ಎದೆ ಕೆರೆನ್ ಪಂದ್ಯದ ಎರಡನೇ ಗುಡ್ಡದಲ್ಲೇ ಕೈಕೊಡುತ್ತದೆ. ಆ ಪಂದ್ಯಕ್ಕೆ ಹೋಗುವ ತಂಡದ ಕೊನೆಯ ಹೆಸರನ್ನು ವೋಲ್ದು ಇವತ್ತು ಸಂಜೆಯೊಳಗೆ ಕ್ಲಬ್ಬಿಗೆ ಹೇಳಬೇಕಿತ್ತು.

"ಕಾಫಿ ಎಷ್ಟು ಕುಡಿದೆ?"

"ನಿಮ್ಮನೇಲೇ ಕುಡಿದಿದ್ದಲ್ವಾ, ಅಬೊಯ್. ಮೂರನೇ ಸುತ್ತಿನ ಕಾಫಿ ಮುಗೀದೆ ಅಮ್ಮ ಏಳೋಕೆ ಬಿಟ್ರೆ ತಾನೆ."

ಅವನ ಬಳಿ ಕಲಿಯುವವರೆಲ್ಲ ಅವನನ್ನು ಅಬೊಯ್ ಎಂದೇ ಕರೆಯುತ್ತಿದ್ದರು, ಅಪ್ಪ ಎನ್ನುವ ಹಾಗೆ; ಅವನ ಹೆಂಡತಿಯನ್ನು ಅಮ್ಮ ಎಂದು. ಅವನೂ ಹಾಗೇ ಬೈಯುತ್ತಿದ್ದ. ರಕ್ತ ಕಮ್ಮಿಯಿರಬೇಕೆಂದು ಎರಡು ವಾರದಿಂದ ರಿಗ್ಬೆಯನ್ನು ಮನೆಗೆ ಕರೆದು ಬೇಳೆ ಸಾರು ಉಣ್ಣಿಸಿದ್ದ. ಬೇಗ ಮಲಗು ಎಂದು ಗದರಿದ್ದ. ಹೋದ ವರ್ಷ ಇದೇ ದಾರಿಯಲ್ಲಿ ಬಿದ್ದು ಮುರಿದ ಕೊರಳ ಬುಡದ ಮೂಳೆ ನೋಯುತ್ತಿದೆಯೇ ಎಂದೂ ಕೇಳಿದ್ದ. ಒಂಚೂರೂ ಇಲ್ಲವೆಂದು ಅವಳು ನಕ್ಕಿದ್ದಳು.

ಪ್ರತಿಸಲ ಕೆಳಗೇ ಕಾಯುತ್ತಿದ್ದವನು ಈ ಸಲ ಸ್ಕೂಟರಿನಲ್ಲಿ ಅವಳ ಹಿಂದೆಯೇ ಹತ್ತಿದ. ರಿಗ್ಬೆ ಚೆನ್ನಾಗಿ ಹತ್ತಿದಳು. ಅವಳಷ್ಟು ಚೆನ್ನಾಗಿ ಹತ್ತುವವರು ಅಸ್ಮಾರದಲ್ಲಿ ಬೇರೆ ಯಾರಿದ್ದರು? ತುದಿಯಲ್ಲಿ ಸೌದೆ ಹೊತ್ತ ಒಂಟೆಗಳು ರಸ್ತೆಗೆ ಅಡ್ಡವಾಗಿ ನಿಂತಿದ್ದವು. ಇಬ್ಬರೂ ಕಾಲೂರಿ ನಿಂತರು. ವೋಲ್ದು ಗಡಿಯಾರ ನೋಡುತ್ತಿದ್ದ ಹಾಗೇ ಅಂಕಿ ಸರಸರನೆ ಇಳಿಯಿತು. ಕೊನೆಯ ಒಂಟೆ ಸರಿಯುವಾಗ ನೂರ ಹದಿನೈದು.

ರಿಗ್ಬೆ ಸೈಕಲ್ಲನ್ನು ಇಳಿಜಾರಿಗೆ ತಿರುಗಿಸಿದಳು. ಕೆಳಗೆ, ಕಡಲ ಕಡೆಯಿಂದ ಎದ್ದ ಮಂಜು ಮೊದಲ ತಿರುವನ್ನು ಆಗಲೇ ನುಂಗಿತ್ತು. ಅವಳಿನ್ನೂ ಪೆಡಲ್ ಮೇಲೆ ಕಾಲಿಟ್ಟಿರಲಿಲ್ಲ, ನಿಂತೇ ಇದ್ದಳು. ನೂರ ಇಪ್ಪತ್ತೆಂಟು. ನೂರ ನಲವತ್ತು. ಅವಳ ಹೆಬ್ಬೆರಳು ತನ್ನಷ್ಟಕ್ಕೆ ಮುರಿದಿದ್ದ ಆ ಮೂಳೆಯನ್ನು ಸವರುತ್ತಿತ್ತು.

ಬೇಳೆ ಸಾರಿನ ಅಷ್ಟೂ ಪಾತ್ರೆಗಳು ವೋಲ್ದುವಿನ ಕಣ್ಣ ಮುಂದೆ ಬಂದವು. ಕಾಯಿಲೆ ರಕ್ತದಲ್ಲಿರಲಿಲ್ಲ, ಈ ಇಳಿಜಾರಿನಲ್ಲಿತ್ತು. ಕೈಚಾಚಿ ಸ್ಕೂಟರಿನ ದೀಪ ಆರಿಸಿದ.

"ಲೈಟ್ ಕೈಕೊಡ್ತು, ಮಗಳೇ. ಈ ಮಂಜಲ್ಲಿ ನಂಗೇನೂ ಕಾಣಲ್ಲ. ನೀನು ಮುಂದೆ ಹೋಗು, ತಿರುವು ಬಂದಾಗೆಲ್ಲ ಕೂಗ್ತಾ ಇರು."

"ಹತ್ತುವಾಗ ಉರೀತಿತ್ತಲ್ಲ?"

"ಹತ್ತುವಾಗ ಉರೀತಿತ್ತು."

ಅವಳು ಅವನನ್ನೇ ಒಂದು ಗಳಿಗೆ ನೋಡಿದಳು. ನಿಧಾನಕ್ಕೆ ಬನ್ನಿ, ನೀವು ಬಿದ್ದರೆ ಅಮ್ಮ ನನ್ನನ್ನು ಸುಮ್ಮನೆ ಬಿಡೋಲ್ಲ ಎಂದು ಹೊರಟಳು.

ಮೊದಲ ತಿರುವಿನಲ್ಲಿ ದನಿ ಒಡೆದಿತ್ತು. "ಎಡಕ್ಕೆ." ಮತ್ತೊಂದರಲ್ಲಿ, ಬಲಕ್ಕೆ, ಕಲ್ಲಿದೆ. ಅವಳು ಬಿದ್ದಿದ್ದ ತಿರುವಿನಲ್ಲಿ ಏನೂ ಕೇಳಿಸಲಿಲ್ಲ. ವೋಲ್ದು ಬ್ರೇಕನ್ನು ಬಿಗಿಹಿಡಿದು ಕಾದ. ಆಮೇಲೆ ಮಂಜಿನೊಳಗಿಂದ ಬಂತು:

"ಎಡಕ್ಕೆ, ಅಬೊಯ್! ಗೋಡೆ ಮೇಲೊಂದು ಕೋತಿ ಕೂತಿದೆ, ನಿಮ್ಮ ಥರಾನೇ ಹುಬ್ಬು ಗಂಟು ಹಾಕ್ಕೊಂಡು."

ಅಲ್ಲಿಂದ ಮುಂದೆ ಅವಳ ಬಾಯಿ ನಿಲ್ಲಲಿಲ್ಲ. ನಿಮ್ಮ ಬ್ರೇಕ್ ಕಿರುಗುಟ್ಟುತ್ತಿದೆ, ಎಣ್ಣೆ ಯಾವಾಗ ಬಿಟ್ಟಿರಿ, ಬಲಕ್ಕೆ, ಈ ಗಾಡಿಯನ್ನು ಗುಜರಿಗೆ ಹಾಕಿ, ಎಡಕ್ಕೆ.

ಅವನು ಕೆಳಗೆ ತಲುಪಿದಾಗ ಅವಳು ಆಗಲೇ ಸೈಕಲ್ಲನ್ನು ಏರಿನ ಕಡೆಗೆ ತಿರುಗಿಸಿ ನಿಂತಿದ್ದಳು.

"ಎಷ್ಟಿದೆ ನೋಡಿ."

ವೋಲ್ದು ನೋಡದೆಯೇ ಅಂಗಿಯ ತೋಳನ್ನು ಗಡಿಯಾರದ ಮೇಲೆ ಎಳೆದುಕೊಂಡ. ಕ್ಲಬ್ಬಿಗೆ ಹೇಳುವ ಹೆಸರಿಗೆ ಇನ್ನು ಅಂಕಿ ಬೇಕಿರಲಿಲ್ಲ. ಸ್ಕೂಟರನ್ನು ಅವಳ ಪಕ್ಕಕ್ಕೆ ತಿರುಗಿಸಿ ದೀಪ ಹಾಕಿದ. ಏರುದಾರಿಯ ಮಂಜಿನಲ್ಲಿ ಬೆಳಕು ಸ್ವಲ್ಪ ದೂರದವರೆಗೆ ಬಿತ್ತು.